ಗಡಿಯೂರಿನಿಂದ ವಾರ್ಡಿನವರೆಗೆ: ಕುಟ್ಟದ ಕಡೆಯಿಂದ ನೋಡಿದ ನರ್ಸಿಂಗ್ ವಿದ್ಯಾಭ್ಯಾಸದ ಚರಿತ್ರೆ

ಕೊಡಗಿನ ದಕ್ಷಿಣದ ತುದಿಯಲ್ಲಿ, ಬ್ರಹ್ಮಗಿರಿ ಬೆಟ್ಟಸಾಲಿನ ಮಗ್ಗುಲಲ್ಲಿರುವ ಕುಟ್ಟ ಒಂದು ಕಡೆ ನಾಗರಹೊಳೆಯ ಕಾಡಿಗೂ ಇನ್ನೊಂದು ಕಡೆ ಕೇರಳದ ವಯನಾಡಿಗೂ ತಾಗಿಕೊಂಡಿರುವ ಊರು. ಹಿಂದೆ ವಿರಾಜಪೇಟೆ ತಾಲ್ಲೂಕಿಗೆ ಸೇರಿದ್ದು ಈಗ ಪೊನ್ನಂಪೇಟೆ ತಾಲ್ಲೂಕಿನಲ್ಲಿರುವ ಈ ಊರಿನ ಪೇಟೆಬೀದಿಯಲ್ಲಿ ಕೊಡವ ತಕ್ಕ್, ಮಲಯಾಳ, ಕನ್ನಡ, ಎರವರ ನುಡಿ, ಕುರುಬರ ನುಡಿ ಎಲ್ಲವೂ ಕೇಳಿಬರುತ್ತವೆ. ಇಲ್ಲಿನವರು ತಾವು ಯಾರು, ಎಲ್ಲಿಯವರು ಎಂದು ಹೇಳಿಕೊಳ್ಳುವ ಬಗೆಗಳೂ ಅಷ್ಟೇ ಹಲವು. ಕೊಡವರಿಗೆ ಒಕ್ಕವಿದೆ, ಅಂದರೆ ಒಬ್ಬ ಮೂಲಪುರುಷನಿಂದ ಇಳಿದುಬಂದ ಕುಟುಂಬವಿದೆ, ಅದರ ಹೆಸರು ಹುಟ್ಟಿದವರ ಹೆಸರಿಗೆ ಮೊದಲು ಬರುತ್ತದೆ ಮತ್ತು ಅದಕ್ಕೆ ಐನ್‌ಮನೆ ಎಂಬ ಹಿರಿಯರ ಮನೆಯ ಆಸರೆಯಿದೆ. ಕಾಫಿ ತೋಟಗಳಲ್ಲಿ ದುಡಿಯುವ ಎರವರಿಗೆ, ಪಣಿಯರಿಗೆ ಲೈನ್ ಮನೆ, ಎಂದರೆ ತೋಟದವರು ಕಾರ್ಮಿಕರಿಗಾಗಿ ಸಾಲಾಗಿ ಕಟ್ಟಿಸಿದ ಕೋಣೆಗಳು. ಜೇನುಕುರುಬ, ಬೆಟ್ಟಕುರುಬರಿಗೆ ಕಾಡಂಚಿನ ಹಾಡಿ. ವಯನಾಡಿನ ಕಡೆಯಿಂದ ಬಂದು ನೆಲೆಸಿದ ಮಲಯಾಳಿ ಕುಟುಂಬಗಳಿಗೆ ಇಗರ್ಜಿ, ಮಸೀದಿ ಮತ್ತು ಗಡಿಯಾಚೆಯ ನೆಂಟಸ್ತನ. ಇವೆಲ್ಲವೂ ಹುಟ್ಟಿನಿಂದ ಒದಗುವ ನೆಲೆಗಳು. ಶುಶ್ರೂಷೆಯ ವಿದ್ಯೆ ಕಲಿಯಲು ಹೊರಟ ಹುಡುಗಿ ಇವುಗಳನ್ನು ಊರಲ್ಲಿಯೇ ಬಿಟ್ಟು, ಹುಟ್ಟಿನಿಂದ ಬಾರದ ಇನ್ನೊಂದು ನೆಲೆಯನ್ನು ಪರಊರಿನ ಆಸ್ಪತ್ರೆಯಲ್ಲಿ, ವಿದ್ಯಾರ್ಥಿನಿಲಯದಲ್ಲಿ, ಕಡೆಗೆ ವಿಶ್ವವಿದ್ಯಾಲಯದಲ್ಲಿ ಹುಡುಕಿಕೊಳ್ಳಬೇಕಾಯಿತು. ಆ ನೆಲೆ ಒಂದೂವರೆ ಶತಮಾನದಲ್ಲಿ ಹೇಗೆ ರೂಪುಗೊಂಡಿತು, ಯಾರು ಅದನ್ನು ಕೊಟ್ಟರು, ಯಾವ ಷರತ್ತಿನ ಮೇಲೆ ಕೊಟ್ಟರು ಎಂಬುದು ಇಲ್ಲಿನ ವಿಚಾರ.

ಊರಿಗೆ ಸೇರಿರುವುದು ಎಂಬುದಕ್ಕೆ ಈ ಸೀಮೆಯಲ್ಲಿ ಎರಡು ಮುಖಗಳಿದ್ದುವೆಂಬುದನ್ನು ಮೊದಲೇ ಗಮನಿಸಬೇಕು. ಐನ್‌ಮನೆಗೆ ಸೇರಿದವನಿಗೆ ಆ ಸೇರುವಿಕೆ ಹಕ್ಕಾಗಿತ್ತು. ಗದ್ದೆಗೋ ತೋಟಕ್ಕೋ ಸೇರಿದ ಎರವನಿಗೆ ಅದು ಅವನ ಮೇಲಿನ ಒಡೆತನವಾಗಿತ್ತು. ಕುಟ್ಟದಿಂದ ಬಹುದೂರವಲ್ಲದ ಮಾನಂದವಾಡಿಯ ಬಳಿಯ ವಳ್ಳಿಯೂರ್‌ಕಾವು ದೇವಿಯ ಉತ್ಸವದಲ್ಲಿ ಅಡಿಯ ಮತ್ತು ಪಣಿಯ ಕುಟುಂಬಗಳನ್ನು ವರ್ಷದ ಜೀತಕ್ಕೆ ಗೊತ್ತುಮಾಡಿಕೊಳ್ಳುವ ವಾಡಿಕೆ ಇಪ್ಪತ್ತನೆಯ ಶತಮಾನದಲ್ಲಿಯೂ ನಡೆದುಬಂದಿತ್ತು; ವಯನಾಡಿನಲ್ಲಿ ಅಡಿಯರೆಂದು ಕರೆಯಲ್ಪಡುವ ಜನವೇ ಕೊಡಗಿನ ಕಡೆ ಎರವರು. 1976ರ ಜೀತಪದ್ಧತಿ ನಿರ್ಮೂಲನ ಕಾಯ್ದೆ ಬರುವವರೆಗೆ ಇಂಥ ಕಟ್ಟುಗಳ ವಿರುದ್ಧ ದೇಶಮಟ್ಟದ ಪ್ರತ್ಯೇಕ ಕಾಯ್ದೆಯಿರಲಿಲ್ಲ. ಹಕ್ಕಿನಿಂದ ಸೇರುವುದಕ್ಕೂ ಒಡೆತನಕ್ಕೆ ಒಳಪಟ್ಟು ಸೇರುವುದಕ್ಕೂ ಇರುವ ಈ ಅಂತರವೇ ನರ್ಸಿಂಗ್ ವಿದ್ಯಾಭ್ಯಾಸದ ಚರಿತ್ರೆಯ ನಡುವೆಯೂ ಹಾದುಹೋಗುತ್ತದೆ.

ಬ್ರಿಟಿಷರು 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಮೇಲೆ, 1850ರ ದಶಕದಿಂದ ಯುರೋಪಿಯನ್ನರ ಕಾಫಿ ತೋಟಗಳು ಇಲ್ಲಿ ಹಬ್ಬಿದುವು. ತೋಟ ಬೆಳೆದಂತೆ ಕೂಲಿಯವರ ಸಂಖ್ಯೆ ಬೆಳೆಯಿತು, ಮಲೇರಿಯಾ ಜ್ವರದ ಕಾಟವೂ ಬೆಳೆಯಿತು. ಕಾಡಂಚಿನ ತೋಟಗಳಲ್ಲಿ ಬಹುಕಾಲ ವೈದ್ಯಕೀಯವೆಂದರೆ ಕ್ವಿನೈನ್ ಮತ್ತು ಗಾಯಕ್ಕೆ ಕಟ್ಟುವ ಪಟ್ಟಿ; ಅದನ್ನು ಕೊಡುವವನು ಕಾಂಪೌಂಡರ್. ಹೆರಿಗೆ ಮಾತ್ರ ಅವನ ಕೈಗೆ ಬರುವಂಥದ್ದಲ್ಲ. ಹಾಡಿಯಲ್ಲಿ, ಲೈನ್ ಮನೆಯಲ್ಲಿ, ಗದ್ದೆಬದಿಯ ಮನೆಯಲ್ಲಿ ಅದು ಸೂಲಗಿತ್ತಿಯರ ಕೈಯಲ್ಲಿಯೇ ನಡೆಯಿತು. 1951ರ ತೋಟ ಕಾರ್ಮಿಕರ ಕಾಯ್ದೆಯು ಕಾಫಿ, ಚಹ, ರಬ್ಬರ್ ಮುಂತಾದ ತೋಟಗಳ ಮಾಲೀಕರು ಕಾರ್ಮಿಕರಿಗೆ ಚಿಕಿತ್ಸೆಯ ಸೌಕರ್ಯವನ್ನೂ, 50 ಅಥವಾ ಅದಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಅವರ ಮಕ್ಕಳಿಗೆ ಕೂಸಿನ ಮನೆಯನ್ನೂ ಒದಗಿಸಬೇಕೆಂದು ವಿಧಿಸಿತು. ತರಬೇತಿ ಪಡೆದ ನರ್ಸ್ ಅಥವಾ ದಾದಿ ತೋಟದ ಜೀವನದಲ್ಲಿ ಬೇಕಾದವಳು ಎಂಬ ಮಾತು ಕಾನೂನಿನ ಬಲ ಪಡೆದದ್ದು ಆಗ. ಆದರೆ ಹಾಗೆ ಬೇಕಾದವಳು ಎಲ್ಲಿ ಕಲಿತು ಬರಬೇಕು ಎಂಬುದಕ್ಕೆ ಕುಟ್ಟದ ಹತ್ತಿರ ಉತ್ತರವಿರಲಿಲ್ಲ.

ಭೂಪಟವನ್ನು ನೋಡಿದರೆ ಇದರ ಕಷ್ಟ ಅರ್ಥವಾಗುತ್ತದೆ. 1956ಕ್ಕೆ ಮುಂಚೆ ಕುಟ್ಟದ ಸುತ್ತ ಮೂರು ಸರ್ಕಾರಗಳಿದ್ದುವು. ಊರು ಇದ್ದದ್ದು ಚೀಫ್ ಕಮಿಷನರರ ಆಡಳಿತದ ಕೊಡಗು ಪ್ರಾಂತದಲ್ಲಿ. ಬೆಟ್ಟ ಇಳಿದರೆ ಸಿಗುವ ವಯನಾಡು ಮದರಾಸು ಪ್ರೆಸಿಡೆನ್ಸಿಯ ಮಲಬಾರ್ ಜಿಲ್ಲೆಗೆ ಸೇರಿತ್ತು. ಕಾಡು ದಾಟಿದರೆ ಹೆಗ್ಗಡದೇವನಕೋಟೆ, ಹುಣಸೂರುಗಳು ಮೈಸೂರು ಸಂಸ್ಥಾನದವು. ಮಂಗಳೂರು ಕೂಡ ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯದೇ. ನರ್ಸಿಂಗ್ ಕಲಿಸುತ್ತಿದ್ದ ಆಸ್ಪತ್ರೆಗಳು ಇದ್ದದ್ದು ಮದರಾಸಿನಲ್ಲಿ ಮತ್ತು ಮೈಸೂರು ಸೀಮೆಯಲ್ಲಿ. ಆದ್ದರಿಂದ ಕೊಡಗಿನ ಹುಡುಗಿಯೊಬ್ಬಳು ಈ ವಿದ್ಯೆಗೆ ಕೈಹಾಕಿದರೆ ಮನೆಯನ್ನಷ್ಟೇ ಅಲ್ಲದೆ ತನ್ನ ಪ್ರಾಂತವನ್ನೂ ಬಿಟ್ಟು ಹೋಗಬೇಕಿತ್ತು.

ಆ ಕಾಲದ ನರ್ಸಿಂಗ್ ಶಾಲೆಯ ಮೂಲಮಾದರಿ ಲಂಡನ್ನಿನದು. ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರಿನಲ್ಲಿ 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತೆರೆದ ಶಾಲೆಯು ಎರಡು ಸಂಗತಿಗಳನ್ನು ಸ್ಥಾಪಿಸಿತು: ಶುಶ್ರೂಷೆಯನ್ನು ಕ್ರಮವಾಗಿ ಕಲಿಯಬೇಕು, ಮತ್ತು ಕಲಿಯುವವರು ಆಸ್ಪತ್ರೆಯ ಆವರಣದಲ್ಲಿಯೇ ಮೇಟ್ರನ್ ಎಂಬ ಹಿರಿಯ ಅಧಿಕಾರಿಣಿಯ ಕಣ್ಣಳತೆಯಲ್ಲಿ ವಾಸಿಸಬೇಕು. ಮದರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ 1871ರಲ್ಲಿ ತರಬೇತಿ ಆರಂಭವಾಯಿತು. 1885ರಲ್ಲಿ ಸ್ಥಾಪನೆಯಾದ ಡಫರಿನ್ ನಿಧಿ, ಭಾರತದ ಹೆಂಗಸರಿಗೆ ಹೆಂಗಸರಿಂದಲೇ ಚಿಕಿತ್ಸೆ ದೊರೆಯಬೇಕೆಂಬ ಉದ್ದೇಶದಿಂದ ವೈದ್ಯೆಯರ, ನರ್ಸುಗಳ, ಸೂಲಗಿತ್ತಿಯರ ತರಬೇತಿಗೆ ಹಣ ಒದಗಿಸಿತು. ಇವುಗಳಿಗಿಂತ ಕನ್ನಡ ಸೀಮೆಯ ಜನಕ್ಕೆ ಹತ್ತಿರವಾದವು ಮಿಷನ್ ಆಸ್ಪತ್ರೆಗಳು: ಬೆಂಗಳೂರಿನಲ್ಲಿ 1886ರಲ್ಲಿ ಆರಂಭವಾದ ಸೇಂಟ್ ಮಾರ್ಥಾಸ್, ಮೈಸೂರಿನಲ್ಲಿ ವೆಸ್ಲಿಯನ್ ಮಿಷನ್ 1906ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಉಡುಪಿಯಲ್ಲಿ ಡಾಕ್ಟರ್ ಇವಾ ಲೊಂಬಾರ್ಡ್ 1923ರಲ್ಲಿ ಸ್ಥಾಪಿಸಿದ ಆಸ್ಪತ್ರೆ. ಕನ್ನಡ ಸೀಮೆಯ ಆಚೆ, ಮಿಷನ್ ವೈದ್ಯೆ ಐಡಾ ಸ್ಕಡರ್ ಅವರ ವೆಲ್ಲೂರಿನಲ್ಲಿ 1909ರಲ್ಲಿಯೇ ನರ್ಸಿಂಗ್ ಶಾಲೆ ನಡೆಯತೊಡಗಿತ್ತು.

ಈ ಶಾಲೆಗಳಿಗೆ ಮೊದಲು ಬಂದವರು ಯಾರು ಎಂಬುದನ್ನು ನೋಡಿದರೆ ಆ ಕಾಲದ ಸಮಾಜದ ಮನಸ್ಸು ಕಾಣುತ್ತದೆ. ಮೈಲಿಗೆಯ ಭಾವನೆ ಆಳವಾಗಿದ್ದ ದಿನಗಳಲ್ಲಿ ಪರರ ಮಲಮೂತ್ರ, ರಕ್ತ, ಕೀವು ಮುಟ್ಟುವ ಕೆಲಸಕ್ಕೆ, ಅದರಲ್ಲೂ ಗಂಡಸರ ವಾರ್ಡಿನಲ್ಲಿ ರಾತ್ರಿ ನಿಲ್ಲುವ ಕೆಲಸಕ್ಕೆ, ಮಗಳನ್ನು ಕಳಿಸಲು ಮೇಲುಜಾತಿಯ ಮನೆಗಳು ಒಪ್ಪಲಿಲ್ಲ. ಹೀಗಾಗಿ ದೇಶೀ ಕ್ರೈಸ್ತ ಹೆಣ್ಣುಮಕ್ಕಳು, ಆಂಗ್ಲೋ ಇಂಡಿಯನ್ನರು, ಅನಾಥಾಲಯಗಳಲ್ಲಿ ಬೆಳೆದವರು, ಮನೆಯಿಂದ ಹೊರಬಿದ್ದ ವಿಧವೆಯರು ಈ ವೃತ್ತಿಯ ಮೊದಲ ತಲೆಮಾರಾದರು. ದಕ್ಷಿಣ ಭಾರತದ ನರ್ಸಿಂಗಿನ ಬಗ್ಗೆ ಮೀರಾ ಅಬ್ರಹಾಂ 1996ರಲ್ಲಿ ಪ್ರಕಟಿಸಿದ ಅಧ್ಯಯನ ಧರ್ಮ, ಜಾತಿ, ಲಿಂಗ ಈ ಮೂರನ್ನು ಒಟ್ಟಿಗೆ ಇಟ್ಟುಕೊಂಡು ಹೊರಟದ್ದು ಇದೇ ಕಾರಣಕ್ಕೆ. ಊರು ಬಿಟ್ಟುಕೊಟ್ಟ ಇಂಥ ಹೆಣ್ಣುಮಕ್ಕಳಿಗೆ ನರ್ಸುಗಳ ವಸತಿಗೃಹವು ತವರಿನ ಜಾಗದಲ್ಲಿ ನಿಂತಿತು. ಅಲ್ಲಿ ಒಂದೇ ಬಗೆಯ ಬಿಳಿ ಉಡುಪು, ಒಂದೇ ಊಟದ ಮೇಜು, ಒಂದೇ ಹೊತ್ತಿಗೆ ದೀಪ ಆರಿಸುವ ನಿಯಮ. ಪರಸ್ಪರ ಕರೆಯುವ ಮಾತು ಸಿಸ್ಟರ್. ಇಂದಿಗೂ ಕರ್ನಾಟಕದ ಯಾವ ಆಸ್ಪತ್ರೆಗೆ ಹೋದರೂ ರೋಗಿಯ ಕಡೆಯವರು ಕೂಗುವುದು ಸಿಸ್ಟರ್ ಎಂದೇ, ಮತ್ತು ಗಂಡು ನರ್ಸನ್ನು ಬ್ರದರ್ ಎಂದು.

ಆ ವಸತಿಗೃಹದ ಒಳ್ಳೆಯದನ್ನು ಅಲ್ಲಗಳೆಯಬೇಕಾಗಿಲ್ಲ, ಆದರೆ ಅದರ ಬೆಲೆಯನ್ನು ಮರೆಯಲೂ ಆಗದು. ಹೊರಗೆ ಹೋಗಲು ಚೀಟಿ ಬೇಕು, ಬಾಗಿಲು ಮುಚ್ಚುವ ಹೊತ್ತಿಗೆ ಒಳಗಿರಬೇಕು, ತರಬೇತಿ ಮುಗಿಯುವವರೆಗೆ ಮದುವೆಯ ಮಾತಿಲ್ಲ. ತರಬೇತಿಯೆಂದು ಕರೆದದ್ದರ ಬಹುಭಾಗ ದುಡಿಮೆಯಾಗಿತ್ತು. ವಾರ್ಡುಗಳನ್ನು ನಡೆಸುತ್ತಿದ್ದವರು ಸಂಬಳದ ನರ್ಸುಗಳಿಗಿಂತ ಹೆಚ್ಚಾಗಿ ಕೈಖರ್ಚಿನ ಭತ್ಯೆ ಪಡೆಯುವ ವಿದ್ಯಾರ್ಥಿನಿಯರೇ, ಪಾಠಗಳು ನಡೆಯುತ್ತಿದ್ದುದು ವಾರ್ಡಿನ ಕೆಲಸದಿಂದ ಬಿಡುವಾದ ಹೊತ್ತಿನಲ್ಲಿ, ಕೆಲವೊಮ್ಮೆ ರಾತ್ರಿ ಪಾಳಿ ಮುಗಿಸಿ ಬಂದು ಕಣ್ಣು ಎಳೆಯುವ ಬೆಳಗಿನಲ್ಲಿ. ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಆರೋಗ್ಯ ಸಮೀಕ್ಷೆಯ ಸಮಿತಿ 1946ರಲ್ಲಿ ಒಪ್ಪಿಸಿದ ವರದಿಯು ದೇಶದಲ್ಲಿದ್ದ ನರ್ಸುಗಳು ಸುಮಾರು 7,000 ಮಾತ್ರವೆಂದೂ, 43,000 ಜನಕ್ಕೆ ಒಬ್ಬ ನರ್ಸ್ ಇದ್ದಾರೆಂದೂ ಲೆಕ್ಕ ಹಾಕಿ, ಅವರು ಬದುಕುವ ಮತ್ತು ದುಡಿಯುವ ಪರಿಸ್ಥಿತಿ ಸುಧಾರಿಸದೆ ಸಂಖ್ಯೆ ಹೆಚ್ಚಲಾರದು ಎಂಬ ಮಾತನ್ನು ಎತ್ತಿತು. ಆಸ್ಪತ್ರೆ ಆ ಹೆಣ್ಣುಮಕ್ಕಳನ್ನು ತನ್ನವರೆಂದು ಕರೆದುಕೊಂಡಿತ್ತು, ನಿಜ. ಆದರೆ ತೋಟ ತನ್ನ ಆಳುಗಳನ್ನು ತನ್ನವರೆಂದ ಅರ್ಥದ ನೆರಳು ಆ ಮಾತಿನಲ್ಲಿಯೂ ಇತ್ತು.

ಈ ಕಟ್ಟಿನಿಂದ ಹೊರಬರುವ ದಾರಿ ಎರಡು ಕಡೆಯಿಂದ ತೆರೆಯಿತು. ಒಂದು ಸಂಘಟನೆಯ ಕಡೆಯಿಂದ. 1908ರಲ್ಲಿ ಹುಟ್ಟಿದ ಭಾರತದ ತರಬೇತಿ ಪಡೆದ ನರ್ಸುಗಳ ಸಂಘ 1910ರಿಂದ ತನ್ನದೇ ಪತ್ರಿಕೆ ಹೊರಡಿಸಿತು, 1929ರಲ್ಲಿ ವಿದ್ಯಾರ್ಥಿಗಳಿಗೆಂದೇ ಅದರ ಅಂಗವಾಗಿ ಇನ್ನೊಂದು ಸಂಘ ರೂಪುಗೊಂಡಿತು; ನರ್ಸಿಂಗ್ ವಿದ್ಯಾರ್ಥಿನಿ ತನ್ನ ಮೇಟ್ರನ್‌ಳ ಆಚೆಗೂ ಒಂದು ಬಳಗವಿದೆಯೆಂದು ಕಂಡುಕೊಂಡದ್ದು ಇಲ್ಲಿ. ಇನ್ನೊಂದು ನೋಂದಣಿಯ ಕಡೆಯಿಂದ. ನೋಂದಣಿ ಎಂದರೆ ಪರೀಕ್ಷೆಯಲ್ಲಿ ಗೆದ್ದವರ ಹೆಸರನ್ನು ಕಾಯ್ದೆಬದ್ಧ ಪಟ್ಟಿಯಲ್ಲಿ ಬರೆದು, ಆ ಪಟ್ಟಿಯಲ್ಲಿರುವವರು ಮಾತ್ರ ತರಬೇತಾದ ನರ್ಸ್ ಎಂದು ಮಾನ್ಯ ಮಾಡುವ ಕ್ರಮ. ಮದರಾಸು ಪ್ರೆಸಿಡೆನ್ಸಿಯಲ್ಲಿ ಇಂಥ ಕಾಯ್ದೆ 1926ರಲ್ಲಿ ಬಂತು. ಅಂದರೆ ಕುಟ್ಟದ ಆಚೆಗಿನ, ವಯನಾಡಿನ ತೋಲ್ಪೆಟ್ಟಿಗೆ ಅನ್ವಯಿಸುತ್ತಿದ್ದ ಪಟ್ಟಿ ಈಚೆಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. 1947ರ ಭಾರತೀಯ ನರ್ಸಿಂಗ್ ಪರಿಷತ್ ಕಾಯ್ದೆಯು ಪ್ರಾಂತಗಳ ಪಟ್ಟಿಗಳ ನಡುವೆ ಪರಸ್ಪರ ಮಾನ್ಯತೆಯನ್ನು ತಂದು, ದೇಶಕ್ಕೆಲ್ಲ ಒಂದೇ ಮಟ್ಟದ ಪಾಠಕ್ರಮವನ್ನು ಗೊತ್ತುಪಡಿಸುವ ಅಧಿಕಾರವನ್ನು ಒಂದು ಪರಿಷತ್ತಿಗೆ ಕೊಟ್ಟಿತು. ಗಡಿಯೂರಿನ ಹುಡುಗಿಯ ದೃಷ್ಟಿಯಿಂದ ಈ ಕಾಯ್ದೆಯ ಮಹತ್ವ ಸಣ್ಣದಲ್ಲ: ಮೊಟ್ಟಮೊದಲಿಗೆ ಅವಳ ವಿದ್ಯೆ ಅವಳ ಹೆಸರಿನಲ್ಲಿ ಉಳಿಯಿತು, ಕಲಿಸಿದ ಆಸ್ಪತ್ರೆಯ ಗೋಡೆಯೊಳಗೆ ಅಲ್ಲ. ಕರ್ನಾಟಕದಲ್ಲಿ ಈ ನೋಂದಣಿಗೆ ನೆಲೆಯಾದದ್ದು 1961ರ ಕಾಯ್ದೆಯಡಿಯ ರಾಜ್ಯ ಪರಿಷತ್ತು.

ಸೈನ್ಯದ ನಂಟು ಆಳವಾಗಿರುವ ಕೊಡಗಿನಲ್ಲಿ ಸೇನೆಯ ಶುಶ್ರೂಷಾ ಸೇವೆಯನ್ನೂ ಒಂದು ಮಾತಿನಲ್ಲಿ ನೆನೆಯಬೇಕು. 1888ರಲ್ಲಿ ಇಂಗ್ಲೆಂಡಿನಿಂದ ಬಂದ ಹತ್ತು ನರ್ಸುಗಳ ತಂಡದಿಂದ ಮೊದಲಾಗಿ, 1926ರಲ್ಲಿ ಭಾರತೀಯ ಸೇವೆಯಾಗಿ, 1943ರಲ್ಲಿ ಅಧಿಕಾರಿ ದರ್ಜೆಯೊಂದಿಗೆ ಸೇನೆಯ ಅಂಗವಾಗಿ ನಿಂತ ಆ ಸೇವೆಯಲ್ಲಿ ನರ್ಸ್ ಎಂದರೆ ಸಮವಸ್ತ್ರ ಧರಿಸಿದ ಅಧಿಕಾರಿ. ಊರಿನಲ್ಲಿ ಈ ವೃತ್ತಿಗೆ ಸಿಗದ ಗೌರವ ಅಲ್ಲಿ ದರ್ಜೆಯ ರೂಪದಲ್ಲಿ ಸಿಕ್ಕಿತು.

ವಿಶ್ವವಿದ್ಯಾಲಯ ಈ ಕಥೆಯೊಳಗೆ ಬರುವುದು 1946ರಲ್ಲಿ. ದೆಹಲಿಯ ನರ್ಸಿಂಗ್ ಕಾಲೇಜು, ಮುಂದೆ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಅವರ ಹೆಸರು ಪಡೆದದ್ದು, ಮತ್ತು ವೆಲ್ಲೂರಿನ ಕಾಲೇಜು ಆ ವರ್ಷ ಬಿ.ಎಸ್ಸಿ. ಪದವಿಯ ಶಿಕ್ಷಣ ಆರಂಭಿಸಿದುವು. ಪದವಿ ಬಂದೊಡನೆ ವಿದ್ಯಾರ್ಥಿನಿಯ ಸ್ಥಾನದಲ್ಲಿ ಒಂದು ಮೂಲಭೂತ ವ್ಯತ್ಯಾಸವಾಯಿತು. ಅವಳ ಪರೀಕ್ಷೆ ನಡೆಸುವವರು ಅವಳಿಂದ ದುಡಿಮೆ ಪಡೆಯುವವರಲ್ಲ. ಅವಳ ಸಹಪಾಠಿಗಳ ಸಾಲಿನಲ್ಲಿ, ಘಟಿಕೋತ್ಸವದ ದಿನವಾದರೂ, ಗಣಿತ ಓದಿದವರೂ ಚರಿತ್ರೆ ಓದಿದವರೂ ಇರುತ್ತಾರೆ. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, ಈಗಿನ ನಿಮ್ಹಾನ್ಸ್, ಮನೋರೋಗ ಶುಶ್ರೂಷೆಯ ಡಿಪ್ಲೊಮಾ ತೆರೆದಾಗ ಈ ವಿದ್ಯೆಗೆ ವಿಶೇಷ ಪರಿಣತಿಯ ಶಾಖೆಗಳಿವೆಯೆಂಬುದು ಕನ್ನಡ ನಾಡಿನಲ್ಲಿಯೂ ಸ್ಪಷ್ಟವಾಯಿತು. ಹಾಗಿದ್ದರೂ ಬಹುಕಾಲ ಬಹುಪಾಲು ಹುಡುಗಿಯರು ಓದಿದ್ದು ಪದವಿಯನ್ನಲ್ಲ; ಜಿ.ಎನ್.ಎಂ. ಎಂದು ಎಲ್ಲರೂ ಕರೆಯುವ, ಸಾಮಾನ್ಯ ಶುಶ್ರೂಷೆ ಮತ್ತು ಪ್ರಸೂತಿ ಶುಶ್ರೂಷೆಯ ಡಿಪ್ಲೊಮಾವನ್ನು, ಅಥವಾ 1951ರಲ್ಲಿ ಪಂಜಾಬಿನ ತರ್ನ್ ತಾರನ್‌ನಲ್ಲಿ ಮೊದಲಾದ ಎ.ಎನ್.ಎಂ., ಅಂದರೆ ಸಹಾಯಕ ನರ್ಸ್ ಮತ್ತು ಸೂಲಗಿತ್ತಿ, ಎಂಬ ಎರಡು ವರ್ಷದ ತರಬೇತಿಯನ್ನು. ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಚುಚ್ಚುಮದ್ದು ಹಾಕುವ, ಬಸುರಿಯರ ಹೆಸರು ಬರೆದುಕೊಳ್ಳುವ ಎ.ಎನ್.ಎಂ. ಸಿಸ್ಟರೇ ಕಾಡಂಚಿನ ಊರುಗಳಿಗೆ ಕಂಡ ಮೊದಲ ತರಬೇತಾದ ಶುಶ್ರೂಷಕಿ, ಮತ್ತು ಅಲ್ಲಿನ ಹೆಣ್ಣುಮಕ್ಕಳ ಕಣ್ಣಿಗೆ ಬಿದ್ದ ಮೊದಲ ಮಾದರಿ.

ಕೊಡಗು 1956ರಲ್ಲಿ ಮೈಸೂರು ರಾಜ್ಯದಲ್ಲಿ ಸೇರಿತು. ಅಲ್ಲಿನ ಸಾಮಾನ್ಯ ಪದವಿ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯದ, 1980ರ ನಂತರ ಹೊಸದಾದ ಮಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದುವು. ವೈದ್ಯಕೀಯ ಶಾಸ್ತ್ರಗಳ ಬಹುತೇಕ ಕಾಲೇಜುಗಳನ್ನು ಒಂದೇ ಸೂರಿನಡಿ ತಂದದ್ದು 1994ರ ಕಾಯ್ದೆಯಂತೆ 1996ರ ಜೂನ್ 1ರಂದು ಅಸ್ತಿತ್ವಕ್ಕೆ ಬಂದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಇದು ಸಂಯೋಜನೆಯ ವಿಶ್ವವಿದ್ಯಾಲಯ, ಅಂದರೆ ತಾನೇ ತರಗತಿ ನಡೆಸುವುದಕ್ಕಿಂತ ಹೆಚ್ಚಾಗಿ ರಾಜ್ಯದ ತುಂಬ ಹರಡಿರುವ ಕಾಲೇಜುಗಳಿಗೆ ಮಾನ್ಯತೆ ಕೊಟ್ಟು, ಪಾಠಕ್ರಮ ಗೊತ್ತುಮಾಡಿ, ಪರೀಕ್ಷೆ ನಡೆಸಿ, ಪದವಿ ಕೊಡುವ ಸಂಸ್ಥೆ. ಇದರಿಂದ ಒಳ್ಳೆಯದಾಯಿತು, ಮಂಗಳೂರಿನಲ್ಲಿ ಓದಿದವಳ ಪದವಿಗೂ ಕಲಬುರಗಿಯಲ್ಲಿ ಓದಿದವಳ ಪದವಿಗೂ ಒಂದೇ ತೂಕ ಬಂತು. ಆದರೆ ವಿದ್ಯಾರ್ಥಿನಿಯ ಪಾಲಿಗೆ ಈ ವಿಶ್ವವಿದ್ಯಾಲಯ ಕಣ್ಣಿಗೆ ಕಾಣುವ ಜಾಗವಲ್ಲ. ಬೆಂಗಳೂರಿನ ಜಯನಗರದಲ್ಲಿರುವ ಅದರ ಕಟ್ಟಡವನ್ನು ನಾಲ್ಕು ವರ್ಷದಲ್ಲಿ ಒಮ್ಮೆಯೂ ನೋಡದೆ ಓದು ಮುಗಿಸಿದವರು ಎಷ್ಟೋ ಮಂದಿ. ಅವರಿಗೆ ಅದು ನೋಂದಣಿ ಸಂಖ್ಯೆಯಲ್ಲಿ, ಹಾಲ್ ಟಿಕೆಟ್ಟಿನಲ್ಲಿ, ಫಲಿತಾಂಶದ ದಿನದ ಆತಂಕದಲ್ಲಿ ಇರುವ ಹೆಸರು. ಹಳೆಯ ಆಸ್ಪತ್ರೆ ಶಾಲೆ ನೆಲೆ ಕೊಟ್ಟು ಹಕ್ಕು ಕೊಡಲಿಲ್ಲ. ಹೊಸ ವಿಶ್ವವಿದ್ಯಾಲಯ ಹಕ್ಕು ಕೊಟ್ಟಿತು, ನೆಲೆಯನ್ನು ಮಾತ್ರ ವಿದ್ಯಾರ್ಥಿನಿಯರೇ ಹುಡುಕಿಕೊಳ್ಳಲು ಬಿಟ್ಟಿತು.

ಅದೇ ಕಾಲದಲ್ಲಿ ಖಾಸಗಿ ಕಾಲೇಜುಗಳು ನೂರಾರು ಸಂಖ್ಯೆಯಲ್ಲಿ ಎದ್ದುವು. ಬೆಂಗಳೂರು, ಮಂಗಳೂರು, ಮೈಸೂರುಗಳ ಈ ಕಾಲೇಜುಗಳಿಗೆ ಕೇರಳದಿಂದ, ಈಶಾನ್ಯ ರಾಜ್ಯಗಳಿಂದ, ಬಂಗಾಳದಿಂದ, ನೇಪಾಳದಿಂದ ಮಕ್ಕಳು ಬಂದರು, ಕೊಲ್ಲಿ ದೇಶಗಳ ಮತ್ತು ಯುರೋಪಿನ ಉದ್ಯೋಗ ಅವರ ಕಣ್ಣ ಮುಂದಿತ್ತು, ಬ್ಯಾಂಕಿನ ಶಿಕ್ಷಣ ಸಾಲ ಅವರ ಬೆನ್ನ ಮೇಲಿತ್ತು. ಎಷ್ಟೋ ಕಾಲೇಜುಗಳಿಗೆ ಸ್ವಂತ ಆಸ್ಪತ್ರೆಯೂ ಸರಿಯಾದ ವಿದ್ಯಾರ್ಥಿನಿಲಯವೂ ಇರಲಿಲ್ಲವೆಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ವಿದ್ಯಾರ್ಥಿನಿಯ ಮೊದಲ ವರ್ಷದ ಕಣ್ಣೀರಿಗೆ ಪಾಠಕ್ಕಿಂತ ಆ ಕೊರತೆಯೇ ಹೆಚ್ಚು ಕಾರಣ. ವಯನಾಡಿನಿಂದ ಮೈಸೂರು, ಬೆಂಗಳೂರಿಗೆ ಹೋಗುವ ಮಕ್ಕಳ ಒಂದು ದಾರಿ ಕುಟ್ಟದ ಮೂಲಕವೇ ಹಾಯುತ್ತದೆ. ನಾಗರಹೊಳೆಯ ಕಾಡಿನೊಳಗಿನ ರಸ್ತೆ ಸಂಜೆ ಆರಕ್ಕೆ ಮುಚ್ಚುವುದರಿಂದ, 2009ರಲ್ಲಿ ಬಂಡೀಪುರದ ರಸ್ತೆಯಲ್ಲಿಯೂ ರಾತ್ರಿ ಸಂಚಾರ ನಿಂತ ಮೇಲೆ, ಹುಣಸೂರು, ಗೋಣಿಕೊಪ್ಪಲು, ಕುಟ್ಟ, ಮಾನಂದವಾಡಿಗಳನ್ನು ಕೂಡಿಸುವ ದಾರಿಗೆ ಹೆಚ್ಚಿನ ಮಹತ್ವ ಬಂತು. ಹಬ್ಬಕ್ಕೆಂದು ಊರಿಗೆ ಹೊರಟ ವಿದ್ಯಾರ್ಥಿನಿ ಹುಣಸೂರಿನಲ್ಲಿ ಗಡಿಯಾರ ನೋಡಿ ಯಾವ ದಾರಿಯ ಬಸ್ಸು ಹತ್ತಬೇಕೆಂದು ತೀರ್ಮಾನಿಸಬೇಕಾದುದು ಈ ಊರಿನವರಿಗಷ್ಟೇ ತಿಳಿಯುವ ಕಷ್ಟ.

ಹಾಗಾದರೆ ನೆಲೆ ಹುಟ್ಟುವುದೆಲ್ಲಿ? ಪಾಠಕ್ರಮದ ಒಳಗೇ ಅದರ ಜಾಗವನ್ನು ತೋರಿಸಬಹುದು. ಈ ಶತಮಾನದ ಮೊದಲ ದಶಕಗಳಲ್ಲಿ ಜಾರಿಯಲ್ಲಿದ್ದ ಬಿ.ಎಸ್ಸಿ. ಪಾಠಕ್ರಮದ ಮೊದಲ ವರ್ಷದಲ್ಲಿ ನರ್ಸಿಂಗ್ ಫೌಂಡೇಷನ್ ಎಂಬ ವಿಷಯಕ್ಕೆ, ಅಂದರೆ ಶುಶ್ರೂಷೆಯ ಅಡಿಪಾಯದ ಪಾಠಕ್ಕೆ, ತರಗತಿಯಲ್ಲಿ 265 ಗಂಟೆ, ಪ್ರಯೋಗಶಾಲೆ ಮತ್ತು ವಾರ್ಡಿನಲ್ಲಿ 650 ಗಂಟೆ ಇಟ್ಟಿದ್ದರು. ಅದರ ಮೊದಮೊದಲ ಪಾಠಗಳಲ್ಲಿ ಒಂದು ಹಾಸಿಗೆ ಹಾಸುವುದು. ಇಬ್ಬರು ವಿದ್ಯಾರ್ಥಿಗಳು ಮಂಚದ ಎರಡು ಬದಿಯಲ್ಲಿ ನಿಂತು, ಬಟ್ಟೆಯನ್ನು ಒದರದೆ ಬಿಡಿಸಿ, ಮೂಲೆಗಳನ್ನು ಲಕೋಟೆಯಂತೆ ಓರೆಯಾಗಿ ಮಡಿಸಿ ಹಾಸಿಗೆಯ ಕೆಳಗೆ ಸೇರಿಸಿ, ಇಬ್ಬರೂ ಒಂದೇ ಹೊತ್ತಿಗೆ ಎಳೆದು ಬಿಗಿ ಮಾಡಬೇಕು. ಒಬ್ಬಳು ಮುಂಚೆ ಎಳೆದರೆ ಇನ್ನೊಬ್ಬಳ ಬದಿ ಸುಕ್ಕಾಗುತ್ತದೆ. ಎದ್ದು ಕೂರಲಾರದ ರೋಗಿಯ ಬೆನ್ನಡಿಯಲ್ಲಿ ಉಳಿದ ಒಂದು ಸುಕ್ಕು ಚರ್ಮವನ್ನು ಉಜ್ಜಿ, ಒತ್ತಡದ ಜಾಗದಲ್ಲಿ ಹಾಸಿಗೆ ಹುಣ್ಣಾಗಲು ದಾರಿ ಮಾಡುತ್ತದೆಂಬುದನ್ನು ಕಲಿಸುವಾಗಲೇ, ಎದುರು ನಿಂತವಳ ಕೈಯ ಲಯಕ್ಕೆ ತನ್ನ ಕೈಯನ್ನು ಹೊಂದಿಸುವುದನ್ನೂ ಈ ಪಾಠ ಕಲಿಸುತ್ತದೆ. ಒಂದೇ ಭಾಷೆ ಬಾರದ ಇಬ್ಬರು ಹುಡುಗಿಯರು, ಒಬ್ಬಳು ಮಣಿಪುರದವಳು, ಒಬ್ಬಳು ಕೊಡಗಿನವಳು, ಮೊದಲು ಜೊತೆಗಾರರಾಗುವುದು ಈ ಮಂಚದ ಎರಡು ಬದಿಯಲ್ಲಿ. ಅಲ್ಲಿಂದ ಮುಂದೆ ಪಾಳಿ ಬದಲಾಗುವಾಗಿನ ಹ್ಯಾಂಡೋವರ್, ಎಂದರೆ ಮುಗಿಸಿ ಹೋಗುವವರು ಬರುವವರಿಗೆ ಮಂಚದಿಂದ ಮಂಚಕ್ಕೆ ನಡೆದು ಪ್ರತಿ ರೋಗಿಯ ಸ್ಥಿತಿಯನ್ನು ಒಪ್ಪಿಸುವ ಕ್ರಮ. ಅದರಲ್ಲಿ ವಿದ್ಯಾರ್ಥಿನಿ ಮೊದಲು ಹಿಂದೆ ನಿಂತು ಕೇಳುವವಳು. ಒಂದು ದಿನ ವಾರ್ಡಿನ ಹಿರಿಯ ಸಿಸ್ಟರ್ ಅವಳ ಕಡೆ ತಿರುಗಿ ಆರನೆಯ ಬೆಡ್ಡಿನವರು ರಾತ್ರಿ ಹೇಗಿದ್ದರು ಎಂದು ಕೇಳಿ, ಅವಳು ಹೇಳಿದ್ದನ್ನು ಕೇಸ್ ಶೀಟಿಗೆ ಬರೆಸುತ್ತಾರೆ. ಪ್ರವೇಶಪತ್ರ, ಸಮವಸ್ತ್ರ, ಗುರುತಿನ ಚೀಟಿ ಇವು ಯಾವುವೂ ಮಾಡದ ಕೆಲಸವನ್ನು ಆ ಪ್ರಶ್ನೆ ಮಾಡುತ್ತದೆ.

ಅದೇ ಪಾಠಕ್ರಮ ಪ್ರಾದೇಶಿಕ ಭಾಷೆ ಅಥವಾ ಹಿಂದಿಗೆ ಇಟ್ಟದ್ದು 30 ಗಂಟೆ. ಓದು ಇಂಗ್ಲಿಷಿನದು, ನೋವು ಕನ್ನಡದ್ದು. ಹೊಟ್ಟೆ ತೊಳಸುತ್ತದೆ, ಎದೆ ಹಿಡಿದಂತಾಗಿದೆ, ಕೈಕಾಲು ಜೋಮು ಹಿಡಿದಿದೆ ಎಂದು ರೋಗಿ ಹೇಳುವುದರ ನಡುವಣ ಭೇದ 30 ಗಂಟೆಗೆ ಸಿಗುವಂಥದ್ದಲ್ಲ. ಇಲ್ಲಿ ಗಡಿಯೂರಿನವಳಿಗೆ ಒಂದು ಅನಿರೀಕ್ಷಿತ ಬಲ ಒದಗುತ್ತದೆ. ಕುಟ್ಟದಲ್ಲಿ ಬೆಳೆದವಳಿಗೆ ಮನೆಯಲ್ಲಿ ಒಂದು ಮಾತು, ಅಂಗಡಿಯಲ್ಲಿ ಒಂದು, ಶಾಲೆಯಲ್ಲಿ ಒಂದು, ತೋಟದಲ್ಲಿ ಇನ್ನೊಂದು. ದೊಡ್ಡ ನಗರಕ್ಕೆ ಬಂದ ಹೊಸದರಲ್ಲಿ ಯಾವುದರಲ್ಲಿಯೂ ಪೂರ್ತಿ ಶುದ್ಧವಿಲ್ಲವೆಂಬ ಅಳುಕು ಅವಳಿಗಿರುತ್ತದೆ. ಆದರೆ ಮಲಯಾಳ ಮಾತ್ರ ಬಲ್ಲ ಸಹಪಾಠಿಗೂ ಕನ್ನಡ ಮಾತ್ರ ಬಲ್ಲ ಅಜ್ಜಿಗೂ ನಡುವೆ ನಿಂತು ಮಾತು ದಾಟಿಸಬಲ್ಲವಳು ಅವಳೇ, ಮತ್ತು ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿದ್ದವಳನ್ನು ವಾರ್ಡಿನಲ್ಲಿ ಎಲ್ಲರೂ ಹುಡುಕಿಕೊಂಡು ಬರುವಂತೆ ಮಾಡುವುದು ಆ ಬೆರಕೆ ಮಾತುಗಳೇ. ನರ್ಸಿಂಗ್ ಕಾಲೇಜುಗಳು ಇದನ್ನು ಒಂದು ಅರ್ಹತೆಯೆಂದು ಇನ್ನೂ ಎಣಿಸದಿರುವುದು ದೊಡ್ಡ ನಷ್ಟ.

ಮೊದಲ ವರ್ಷದ ವಿದ್ಯಾರ್ಥಿಗಳು ವಾರ್ಡಿಗೆ ಕಾಲಿಡುವ ಮುಂಚೆ ನಡೆಯುವ ದೀಪ ಬೆಳಗುವ ಸಮಾರಂಭವನ್ನೂ ಇಲ್ಲಿ ಹೇಳಬೇಕು. ಅಂದು ಅವರು ಸ್ವೀಕರಿಸುವ ಪ್ರತಿಜ್ಞೆಗೆ ನೈಟಿಂಗೇಲ್ ಹೆಸರಿದ್ದರೂ ಅದನ್ನು ರಚಿಸಿದ್ದು 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಒಂದು ನರ್ಸಿಂಗ್ ಶಾಲೆಗಾಗಿ, ಲಿಸ್ಟ್ರಾ ಗ್ರೆಟರ್ ಮತ್ತು ಅವರ ಸಮಿತಿ. ಆಸ್ಪತ್ರೆಯ ಶಿಸ್ತಿನ ಕಾಲದಿಂದ ಬಂದ ಈ ಆಚರಣೆಯಲ್ಲಿ ವಿಧೇಯತೆಯ ದನಿ ಹೆಚ್ಚೆಂದು ಟೀಕಿಸುವವರಿದ್ದಾರೆ, ಟೀಕೆಯಲ್ಲಿ ಹುರುಳೂ ಇದೆ. ತಲೆಯ ಮೇಲಿನ ಬಿಳಿ ಟೋಪಿಯನ್ನು ಅನೇಕ ಕಾಲೇಜುಗಳು ಕೈಬಿಟ್ಟದ್ದೂ ಆಗಿದೆ. ಆದರೂ ಹಿಂದಕ್ಕೆ ನೆರಿಗೆ ಬಿಟ್ಟ ಕೊಡಗಿನ ಸೀರೆಯುಟ್ಟ ತಾಯಿ, ಮುಂಡು ಉಟ್ಟ ತಂದೆ ಸಭೆಯಲ್ಲಿ ಕೂತು ನೋಡುವ ಆ ದಿನ, ಒಂದು ಕಾಲಕ್ಕೆ ಮನೆಗಳು ನಾಚಿಕೊಂಡಿದ್ದ ವೃತ್ತಿಯನ್ನು ಮನೆಯವರ ಸಮ್ಮುಖದಲ್ಲಿ ಒಪ್ಪಿಕೊಳ್ಳುವ ದಿನವಾಗಿದೆ. ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲಿ, ಹಿರಿಯರನ್ನು ನೆನೆದು ದೀಪ ಹಚ್ಚುವ ನಡುಮನೆಯಲ್ಲಿ, ಕೈಮುಗಿದು ಬೆಳೆದವಳಿಗೆ ಒಬ್ಬರ ದೀಪದಿಂದ ಇನ್ನೊಬ್ಬರು ದೀಪ ಹಚ್ಚಿಕೊಳ್ಳುವ ಈ ಕ್ರಮ ಪರಕೀಯವೆನಿಸದು.

ಹಾಡಿಯಿಂದ, ಲೈನ್ ಮನೆಯಿಂದ ಬರುವ ಹುಡುಗಿಯ ದಾರಿ ಇಷ್ಟು ನೇರವಲ್ಲ. ಆಶ್ರಮಶಾಲೆ, ಅಂದರೆ ಗಿರಿಜನ ಮಕ್ಕಳಿಗಾಗಿ ಸರ್ಕಾರ ನಡೆಸುವ ವಸತಿಶಾಲೆಯಿಂದ ಹೊರಟು, ಪ್ರೌಢಶಾಲೆಯ ಹಂತದಲ್ಲಿ ಎಷ್ಟೋ ಮಂದಿ ಜಾರಿಹೋಗುವ ಏಣಿಯನ್ನು ಹತ್ತಿ, ಪಿಯುಸಿಯಲ್ಲಿ ವಿಜ್ಞಾನ ಓದಿ ಬರಬೇಕು. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಗಿ, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಘೋಷಿತವಾದ ಅವಧಿಯಲ್ಲಿ ಕಾಡಿನ ಹಾಡಿಗಳಿಂದ ಹೊರಬಿದ್ದ ಕುಟುಂಬಗಳ ಮಕ್ಕಳಿಗೆ, ಊರಿನ ನೆಲೆಯೇ ಕದಲಿದ ಮೇಲೆ ಕಾಲೇಜಿನ ನೆಲೆಯ ಮಾತು ದೂರದ್ದು. ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡಗಳ ಮೀಸಲಾತಿ 2022ರಲ್ಲಿ ಶೇಕಡ 3ರಿಂದ 7ಕ್ಕೆ ಏರಿದ್ದು ಸೀಟಿನ ಬಾಗಿಲನ್ನು ಅಗಲ ಮಾಡಿತು. ವಿದ್ಯಾರ್ಥಿನಿಲಯದ ಊಟದ ಮೇಜಿನಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಡುವುದನ್ನು ಯಾವ ಆದೇಶವೂ ಮಾಡಲಾರದು, ಅದನ್ನು ಸಹಪಾಠಿಗಳೂ ಅಧ್ಯಾಪಕರೂ ಮಾಡಬೇಕು. ಈ ಹುಡುಗಿಯರು ವೃತ್ತಿಗೆ ಬಂದರೆ ಲಾಭ ಅವರದಷ್ಟೇ ಅಲ್ಲ. ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗಿ ತೀವ್ರ ನೋವು ಕೊಡುವ ಸಿಕಲ್ ಸೆಲ್ ಎಂಬ ಆನುವಂಶಿಕ ಕಾಯಿಲೆಯನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು 1952ರಲ್ಲಿ ನೀಲಗಿರಿಯ ಬುಡಕಟ್ಟುಗಳಲ್ಲಿ. ವಯನಾಡು ಸೇರಿದಂತೆ ಈ ಬೆಟ್ಟಸೀಮೆಯ ಗಿರಿಜನರಲ್ಲಿ ಅದು ಇಂದಿಗೂ ಇದೆ. ರಕ್ತ ಪರೀಕ್ಷೆಗೆ ಬನ್ನಿ ಎಂದು ಹಾಡಿಯ ಜನವನ್ನು ಅವರ ನುಡಿಯಲ್ಲಿ ಒಪ್ಪಿಸಬಲ್ಲ ಸಿಸ್ಟರ್ ಇಲ್ಲದೆ 2023ರಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನ ಕಾರ್ಯಕ್ರಮ ಪೂರ್ಣವಾಗದು.

ಗಡಿ ಎಂಬುದು ಈ ವಿದ್ಯಾರ್ಥಿಗಳ ಮೇಲೆ ಎಷ್ಟು ಕಠಿಣವಾಗಿ ಬೀಳಬಹುದೆಂಬುದು ಕೋವಿಡ್ ಕಾಲದಲ್ಲಿ ಕಂಡಿತು. 2021ರ ಫೆಬ್ರವರಿಯಲ್ಲಿ ಬೆಂಗಳೂರು ಮತ್ತು ಮಂಗಳೂರು ಕಡೆಯ ಕೆಲವು ನರ್ಸಿಂಗ್ ಕಾಲೇಜುಗಳಲ್ಲಿ ಒಟ್ಟೊಟ್ಟಿಗೆ ಸೋಂಕು ಕಂಡುಬಂದು, ಕೇರಳದಿಂದ ಬರುವವರೆಲ್ಲರೂ ಆರ್‌ಟಿಪಿಸಿಆರ್ ಪರೀಕ್ಷೆಯ ವರದಿ ತೋರಿಸಬೇಕೆಂದು ಕರ್ನಾಟಕ ಸರ್ಕಾರ ವಿಧಿಸಿತು. ಕುಟ್ಟ ಮತ್ತು ಮಾಕುಟ್ಟದ ಚೆಕ್‌ಪೋಸ್ಟುಗಳಲ್ಲಿ ತಪಾಸಣೆ ಬಿಗಿಯಾಯಿತು. ಕ್ರಮದ ಅಗತ್ಯವನ್ನು ಪ್ರಶ್ನಿಸಬೇಕಿಲ್ಲ. ಆದರೆ ಆ ವಾರಗಳಲ್ಲಿ ಕೇರಳದ ನರ್ಸಿಂಗ್ ವಿದ್ಯಾರ್ಥಿ ಎಂಬ ಮಾತು ಸೋಂಕಿನ ಇನ್ನೊಂದು ಹೆಸರಿನಂತೆ ಬಳಕೆಯಾದದ್ದು ಅನ್ಯಾಯ. ವಸತಿಯ ಇಕ್ಕಟ್ಟು, ಒಂದೇ ಕೋಣೆಯಲ್ಲಿ ಹಲವರು ಮಲಗುವ ಪರಿಸ್ಥಿತಿ ಆ ಮಕ್ಕಳ ತಪ್ಪಾಗಿರಲಿಲ್ಲ. ಮೂರು ತಿಂಗಳೊಳಗೆ, ಎರಡನೆಯ ಅಲೆ ಏರಿದಾಗ, ಮೇ 3ರಂದು ಕೇಂದ್ರ ಸರ್ಕಾರವು ಬಿ.ಎಸ್ಸಿ. ಮತ್ತು ಜಿ.ಎನ್.ಎಂ. ಮುಗಿಸಿದವರನ್ನು ಹಿರಿಯರ ಮೇಲ್ವಿಚಾರಣೆಯಲ್ಲಿ ಪೂರ್ಣಾವಧಿಯ ಕೋವಿಡ್ ಶುಶ್ರೂಷೆಗೆ ತೊಡಗಿಸಬಹುದೆಂದೂ, 100 ದಿನ ಸೇವೆ ಮಾಡಿದವರಿಗೆ ಮುಂದಿನ ಸರ್ಕಾರಿ ನೇಮಕಾತಿಯಲ್ಲಿ ಆದ್ಯತೆಯೆಂದೂ ಪ್ರಕಟಿಸಿತು. ಗಡಿಯಲ್ಲಿ ಅನುಮಾನದಿಂದ ತಡೆಯಲ್ಪಟ್ಟ ತಲೆಮಾರೇ ವಾರ್ಡುಗಳಲ್ಲಿ ಬೇಕಾದ ತಲೆಮಾರಾಯಿತು.

ಅದೇ 2021ರಲ್ಲಿ ಬಿ.ಎಸ್ಸಿ. ನರ್ಸಿಂಗ್ ಪಾಠಕ್ರಮವು ವಾರ್ಷಿಕ ಪದ್ಧತಿಯನ್ನು ಬಿಟ್ಟು ಎಂಟು ಸೆಮಿಸ್ಟರುಗಳ ಕ್ರಮಕ್ಕೆ ಬದಲಾಯಿತು, 2023ರ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯು 1947ರ ಕಾಯ್ದೆಯ ಜಾಗಕ್ಕೆ ಬರಲೆಂದು ರೂಪುಗೊಂಡಿತು. ಕೊಡಗಿನಲ್ಲಿಯೂ 2016ರಲ್ಲಿ ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾಗಿ, ಜಿಲ್ಲೆಯ ಆಸ್ಪತ್ರೆ ಕಲಿಕೆಯ ಆಸ್ಪತ್ರೆಯಾಯಿತು. ಸಮುದಾಯ ಆರೋಗ್ಯ ಶುಶ್ರೂಷೆ ಎಂಬ ವಿಷಯದ ಅಂಗವಾಗಿ ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ತಂಗಿ, ಮನೆಮನೆಯ ಆರೋಗ್ಯದ ವಿವರ ಬರೆದು, ಬಾಣಂತಿಯರನ್ನೂ ಹಾಸಿಗೆ ಹಿಡಿದ ಮುದುಕರನ್ನೂ ನೋಡಿ ಬರಬೇಕೆಂಬ ನಿಯಮವಿದೆ. ಅದಕ್ಕೆ ಕಾಲೇಜುಗಳು ಬಹುಮಟ್ಟಿಗೆ ಆರಿಸಿಕೊಳ್ಳುವುದು ತಮ್ಮ ನಗರದ ಅಂಚಿನ ಹಳ್ಳಿಗಳನ್ನು. ಕುಟ್ಟದಂಥ ಊರಿನ ಸರ್ಕಾರಿ ಆಸ್ಪತ್ರೆಗೆ, ಅದರ ಸುತ್ತಣ ಹಾಡಿ ಮತ್ತು ಲೈನ್ ಮನೆಗಳಿಗೆ ಆ ತಂಡಗಳು ಬರುವಂತಾದರೆ, ಅಲ್ಲಿಂದ ಓದಲು ಹೋದ ಹುಡುಗಿ ತನ್ನ ಸಹಪಾಠಿಗಳಿಗೆ ದಾರಿ ತೋರಿಸುವವಳಾಗಿ ಊರಿಗೆ ಬರುತ್ತಾಳೆ, ಮತ್ತು ಏಳನೆಯ ತರಗತಿಯಲ್ಲಿರುವ ಎರವರ ಹುಡುಗಿಯೊಬ್ಬಳು ಆ ಸಮವಸ್ತ್ರವನ್ನು ತನಗೆ ಗೊತ್ತಿರುವವರ ಮೈಮೇಲೆ ನೋಡುತ್ತಾಳೆ. ಇದಕ್ಕೆ ಬೇಕಾದುದು ಹೊಸ ಕಾಯ್ದೆಯಲ್ಲ; ತಂಗಲು ಒಂದು ಕಟ್ಟಡ, ಒಬ್ಬರು ಟ್ಯೂಟರ್, ಮತ್ತು ಸಂಜೆಯಾದರೂ ಹಾಡಿಗೆ ಹೋಗಿಬರಬಲ್ಲ ಒಂದು ಜೀಪು.